ಅಮ್ಮನಿಗೆ ಗೊತ್ತಾಗದ ಹನಿಮೂನ್

"ನನ್ನ ಹನಿಮೂನ್ ಮೇಲೆ ನಮ್ಮಮ್ಮನ ನೆರಳೂ ಬೀಳಬಾರದು!"

ಮದುವೆಗೆ ಇನ್ನೂ ನಾಲ್ಕು ತಿಂಗಳಿರುವಾಗ, ಇಟಲಿಯ ಬಾರಿ ಪಟ್ಟಣದ ಸಮುದ್ರದಂಡೆಯಲ್ಲಿ ಐಸ್‌ಕ್ರೀಂ ಚೀಪುತ್ತಾ ಎತ್ತೊರೆ ಮಾಡಿದ ಘೋರ ಪ್ರತಿಜ್ಞೆ ಇದು. ಕಾರಣವಿತ್ತು. ಅವನ ಅಣ್ಣ ಸವೇರಿಯೊನಿಗೆ ಹನಿಮೂನಿನ ಮೂರನೇ ದಿನ ನೆಗಡಿಯಾಯಿತು. ಸುದ್ದಿ ತಿಳಿದದ್ದೇ ತಡ, ತಾಯಿ ಇಮ್ಮಾಕೊಲಾತ ತೊಡೆಯ ಮೇಲೆ ಸೂಪಿನ ಪಾತ್ರೆ ಇಟ್ಟುಕೊಂಡು ರೈಲು ಹತ್ತಿ ನೇರ ಹೋಟೆಲಿಗೇ ಇಳಿದುಬಿಟ್ಟಿದ್ದರು. ಇಳಿದವರು ಭಾನುವಾರದ ತನಕ ಏಳಲಿಲ್ಲ.

"ರೂಮೂ ನಾನೇ ಹುಡುಕ್ತೀನಿ, ಗಾಡೀನೂ ನಾನೇ ಹುಡುಕ್ತೀನಿ. ಎಲ್ಲಿಗೆ ಅಂತ ಯಾರಿಗೂ ಹೇಳಲ್ಲ. ನಿನಗೂ ಹೇಳಲ್ಲ!"

"ನನಗೆ ಹೇಳಬಹುದು ಕಣೋ. ನಾನೂ ಬರ್ತಿದೀನಿ," ಎಂದಳು ಓರ್ನೆಲ್ಲಾ.

ಓರ್ನೆಲ್ಲಾ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಾ ಬೆಳೆದವಳು. ಮಾತನ್ನೂ ತೂಗಿಯೇ ಆಡುತ್ತಿದ್ದಳು. ಎತ್ತೊರೆ ಡ್ರೈವಿಂಗ್ ಸ್ಕೂಲಿನಲ್ಲಿ ರಸ್ತೆ ನಿಯಮಗಳ ಪಾಠ ಹೇಳುವ ಮೇಷ್ಟ್ರು. ಕಪ್ಪುಹಲಗೆಯ ಮೇಲೆ ಅವನಷ್ಟು ಸೊಗಸಾಗಿ ಗಾಡಿ ಓಡಿಸುವವರು ಇಡೀ ಊರಲ್ಲಿ ಇನ್ನೊಬ್ಬರಿರಲಿಲ್ಲ!

ಅಂಥ ಮೇಷ್ಟ್ರು ಬಾಡಿಗೆಗೆ ಆರಿಸಿದ್ದು ಸಾಸಿವೆ ಬಣ್ಣದ, ಬಟ್ಟೆಯ ಚಾವಣಿಯ, ತನಗಿಂತ ಹಿರಿಯ ವಯಸ್ಸಿನ ಒಂದು ಪುಟಾಣಿ ಕಾರು.

"ಇದು ಬೆಟ್ಟ ಹತ್ತುತ್ತಾ?" ಎಂದು ಕೇಳಿದಳು ಓರ್ನೆಲ್ಲಾ.

"ಹೊಸ ಕಾರಲ್ಲಿ ಹೋದ್ರೆ ಅದು ಪ್ರಯಾಣ. ಹಳೇ ಕಾರಲ್ಲಿ ಹೋದ್ರೆ ಅದು ಪ್ರೇಮ!"

"ಹತ್ತುತ್ತಾ ಅಂತ ಕೇಳ್ದೆ."

ವಸತಿಯ ವಿಷಯದಲ್ಲಂತೂ ಅವನು ಇನ್ನೂ ಬೀಗುತ್ತಿದ್ದ. ದೂರದ ಮಾರ್ಕೆ ಪ್ರಾಂತ್ಯದ ಹಳ್ಳಿಗಾಡಿನಲ್ಲಿ, ಗುಡ್ಡದ ನೆತ್ತಿಯ ಮೇಲೆ, ನಾನೂರು ವರ್ಷದ ಕಲ್ಲಿನ ಕಟ್ಟಡ. ಸಂಪೂರ್ಣ ಮೌನ. ಸ್ವಂತ ತೋಟದ ತರಕಾರಿ. ಬೆಳಗಾದರೆ ಇಂಪಾದ ಗಂಟೆ. ಅಂಚೆಯಲ್ಲಿ ಬಂದ ಫಾರ್ಮನ್ನು ಎತ್ತೊರೆ ಸರಸರನೆ ತುಂಬಿ ಕಳಿಸಿದ. 'ನಿಮ್ಮೂರಿನ ಚರ್ಚಿನ ಫಾದರ್ ಹೆಸರು' ಎಂಬ ಜಾಗದಲ್ಲಿ 'ಫಾದರ್ ಕೋಸಿಮೊ' ಎಂದು ಬರೆಯುವಾಗಲೂ ಅವನ ತಲೆಯಲ್ಲಿ ಯಾವ ಗಂಟೆಯೂ ಬಾರಿಸಲಿಲ್ಲ. ಗಂಟೆ ಬಾರಿಸುವವರು ಸನ್ಯಾಸಿನಿಯರು, ಅದು ಕಾನ್ವೆಂಟಿನ ಅತಿಥಿಗೃಹ ಎಂದು ಗೊತ್ತಾದಾಗಲೂ ಹಿಗ್ಗಿದ. "ಕಾನ್ವೆಂಟಲ್ಲಿ ಹನಿಮೂನ್ ಅಂತ ಯಾರು ಊಹಿಸ್ತಾರೆ? ಅಮ್ಮ ಹುಡುಕಿಕೊಂಡು ಹೊರಟ್ರೂ ಅಲ್ಲಿಗೆ ಬರಲ್ಲ!"

ಮದುವೆಯಾಯಿತು. ಮೂರನೇ ದಿನ ಬೆಳಗ್ಗೆ ಹೊರಟಾಗ ಇಮ್ಮಾಕೊಲಾತ ಎಲ್ಲಿಗೆಂದು ಕೇಳಲೇ ಇಲ್ಲ! ಬಟ್ಟೆಯಲ್ಲಿ ಗಂಟು ಕಟ್ಟಿದ, ಮಗುವಿನಷ್ಟು ಭಾರದ ಒಂದು ತಟ್ಟೆಯನ್ನು ಸೊಸೆಯ ಮಡಿಲಿಗಿಟ್ಟರು, ಅಷ್ಟೆ.

"ಓವನ್ನಲ್ಲಿ ಬೇಯಿಸಿದ ಪಾಸ್ತಾ. ಕೊನೇ ತುತ್ತಿನವರೆಗೂ ನೀವೇ ತಿನ್ನಬೇಕು. ಯಾರಿಗೂ ಕೊಡಬೇಡಿ, ಆಯ್ತಾ?"

"ನೋಡಿದ್ಯಾ? ಸೋತುಬಿಟ್ಲು ನಮ್ಮಮ್ಮ!" ಎಂದು ಎತ್ತೊರೆ ದಾರಿಯುದ್ದಕ್ಕೂ ಹಾಡುತ್ತಾ ಹೋದ.

ಸಂಜೆ ಆರೂವರೆಗೆ, ಗುಡ್ಡದ ಅರ್ಧ ಏರಿನಲ್ಲಿ, ಪ್ರೇಮ ನಿಂತುಹೋಯಿತು. ಕಾರು ಒಮ್ಮೆ ಕೆಮ್ಮಿ, ಒಮ್ಮೆ ಸೀನಿ, ಮೌನವ್ರತ ಹಿಡಿಯಿತು. ಮೇಷ್ಟ್ರು ಬಾನೆಟ್ ಎತ್ತಿ ಗಂಭೀರವಾಗಿ ನೋಡಿ, ಮತ್ತೆ ಮುಚ್ಚಿದರು. ಅವರ ಸಿಲಬಸ್ಸಿನಲ್ಲಿ ಇಂಜಿನ್ ಇರಲಿಲ್ಲ!

ಅಷ್ಟರಲ್ಲಿ ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡ ಒಂದು ಮೂರು ಚಕ್ರದ ಲಗೇಜ್ ಆಟೋ ಬಂತು. ಅದನ್ನು ಓಡಿಸುತ್ತಿದ್ದವನು ಗುಡ್ಡದ ಬುಡದ ರೈತ ನಜ್ಜರೇನೊ.

"ಯಾಕ್ ಸಾಮೀ, ಗಾಡಿ ಮುನಿಸ್ಕಂಡೈತಾ? ಹತ್ತಿ, ಹತ್ತಿ. ಅಮ್ಮೋರು ಮುಂದೆ ನನ್ ಪಕ್ಕ ಒತ್ತಿಕೊಂಡು ಕೂರ್ಲಿ. ನೀವು ಟೊಮೆಟೊ ಜೊತೆ."

ಕಾನ್ವೆಂಟಿನ ಬಾಗಿಲಲ್ಲಿ ಇಳಿದ ಎತ್ತೊರೆಯ ಪ್ಯಾಂಟಿನ ಹಿಂಭಾಗ ಪೂರ್ತಿ ಕೆಂಪಾಗಿತ್ತು. ನಜ್ಜರೇನೊ ಬಾಡಿಗೆ ಬೇಡವೇ ಬೇಡ ಎಂದ. ಎತ್ತೊರೆ ಮಹಾರಾಜನ ಗತ್ತಿನಲ್ಲಿ ಅಮ್ಮನ ಗಂಟನ್ನೆತ್ತಿ ಅವನ ಕೈಗಿಟ್ಟ.

"ಅತ್ತೆ ಯಾರಿಗೂ ಕೊಡಬೇಡಿ ಅಂದಿದ್ರು," ಎಂದಳು ಓರ್ನೆಲ್ಲಾ.

"ಅದಕ್ಕೇ ಕೊಡ್ತಿದೀನಿ!"

ಆಟೋ ಇಳಿದು ಹೋಯಿತು. ಬಾಗಿಲು ತೆರೆಯಿತು. ಮದರ್ ಜೆಲ್ತ್ರೂದೆ ನಿಂತಿದ್ದರು. ಎತ್ತರ ಸ್ವಲ್ಪವೇ, ಗಾಂಭೀರ್ಯ ಬೆಟ್ಟದಷ್ಟು. ಕನ್ನಡಕ ಏರಿಸಿ ಇಬ್ಬರ ಗುರುತಿನ ಚೀಟಿ ನೋಡಿದರು.

"ಈ ಹುಡುಗಿ ಅವಿವಾಹಿತೆ ಅಂತ ಇದೆ."

"ಮದುವೆಯಾಗಿದ್ದೇ ಮೊನ್ನೆ, ಮದರ್! ಚೀಟಿ ಹಳೇದು. ಇಗೋ ಉಂಗುರ!"

"ಉಂಗುರ ಸಂತೇಲೂ ಸಿಗುತ್ತೆ. ಮದುವೆ ಸರ್ಟಿಫಿಕೇಟ್ ಎಲ್ಲಿ? ನಿನಗೆ ಕಳಿಸಿದ ಕಾಗದದ ಒಂಬತ್ತನೇ ಸಾಲಲ್ಲಿ ಬರೆದಿದ್ದೆ."

ಎತ್ತೊರೆ ಎರಡನೇ ಸಾಲಿನ 'ಮೌನ'ಕ್ಕೇ ಮರುಳಾಗಿ ಮುಂದೆ ಓದಿರಲಿಲ್ಲ.

"ಇಲ್ಲದಿದ್ರೂ ಚಿಂತೆಯಿಲ್ಲ," ಎಂದರು ಮದರ್ ಕರುಣೆಯಿಂದ. "ನೀನು ಗಂಡಸರ ಕಡೆ ಮಲಗು, ಯಾತ್ರೆಗೆ ಬಂದ ಹನ್ನೆರಡು ಜನ ಹಿರಿಯರಿದ್ದಾರೆ. ಇವಳು ಸಿಸ್ಟರ್ ಪಾಸ್ಕುವಾಲಿನಾ ರೂಮಲ್ಲಿ. ಗೊರಕೆ ಸ್ವಲ್ಪ ಜಾಸ್ತಿ. ಬೆಳಗಿನ ಪ್ರಾರ್ಥನೇಲಿ ಒಬ್ಬರನ್ನೊಬ್ಬರು ನೋಡಬಹುದು."

"ಒಂದು ವಾರಾನಾ?!"

"ಎಂಟು ಗಂಟೆಗೆ ಗೇಟಿಗೆ ಬೀಗ. ಅಷ್ಟರಲ್ಲಿ ಸರ್ಟಿಫಿಕೇಟ್ ತಂದರೆ ಒಂದೇ ರೂಮು. ನಿಮ್ಮ ಫಾದರ್ ಕೋಸಿಮೊಗೆ ಆಗಲೇ ಫೋನ್ ಮಾಡಿ ವಿಚಾರಿಸಿದ್ದೆ. ಒಳ್ಳೇ ಹುಡುಗ, ಮದುವೆ ಆಗ್ತಾನೆ ಅಂದ್ರು. ಆದ್ನೋ ಇಲ್ವೋ ಅಂತ ನಾನೇನು ಕನಸು ಕಾಣಲಾ?"

ಎತ್ತೊರೆ ಹಣೆ ಚಚ್ಚಿಕೊಂಡ. ಫಾದರ್ ಕೋಸಿಮೊಗೆ ಗೊತ್ತು ಎಂದರೆ ಅಮ್ಮನಿಗೆ ಗೊತ್ತು! ನಾಲ್ಕು ತಿಂಗಳಿಂದ ಗೊತ್ತು! ಮೊಬೈಲು ಇನ್ನೂ ಹುಟ್ಟದ ಕಾಲ. ಓರ್ನೆಲ್ಲಾ ಆಫೀಸಿನ ಫೋನನ್ನು ಅವನ ಮುಂದಕ್ಕೆ ಸರಿಸಿದಳು. ಅವನು ಮನೆಯ ನಂಬರು ತಿರುಗಿಸಿದ. ಪ್ರತಿಜ್ಞೆ ಮುರಿಯಿತು.

"ಅಮ್ಮಾ, ಸರ್ಟಿಫಿಕೇಟು..."

"ತಟ್ಟೆ ಕೆಳಗಿದೆ ಮಗಾ. ಪ್ಲಾಸ್ಟಿಕ್ ಕವರಲ್ಲಿಟ್ಟು ಗಂಟಲ್ಲಿ ಸೇರಿಸಿದೀನಿ. ಸಿಸ್ಟರ್‌ಗಳು ಕೇಳ್ತಾರೆ ಅಂತ ಫಾದರ್ ಹೇಳಿದ್ರು. ಕೈಗೆ ಕೊಟ್ಟಿದ್ರೆ ಅಮ್ಮ ಮೂಗು ತೂರಿಸಿದ್ಲು ಅಂತಿದ್ದೆ. ಊಟದಲ್ಲಿಟ್ರೆ ಬಿಚ್ಚೇ ಬಿಚ್ತೀಯಲ್ಲ! ಪಾಸ್ತಾ ಚೆನ್ನಾಗಿತ್ತಾ?"

"ಬಹಳ... ಬಹಳ ಚೆನ್ನಾಗಿತ್ತಮ್ಮಾ."

ಏಳೂಕಾಲು! ಇಬ್ಬರೂ ಕಾರು ನಿಂತಿದ್ದಲ್ಲಿಗೆ ಓಡಿದರು. ಇಂಜಿನ್ ಏಳಲಿಲ್ಲ. ಓರ್ನೆಲ್ಲಾ ಗಂಡನನ್ನು ಪಕ್ಕಕ್ಕೆ ತಳ್ಳಿ, ತಾನೇ ಸ್ಟೇರಿಂಗ್ ಹಿಡಿದು, ಕಾರಿನ ಮೂಗನ್ನು ಇಳಿಜಾರಿಗೆ ತಿರುಗಿಸಿ ಹ್ಯಾಂಡ್‌ಬ್ರೇಕ್ ಬಿಟ್ಟಳು.

"ಇಳಿಜಾರಲ್ಲಿ ನ್ಯೂಟ್ರಲ್ ನಿಷೇಧ ಕಣೇ! ನಾನೇ ಪಾಠ ಮಾಡ್ತೀನಿ!"

"ಪಾಸ್ಕುವಾಲಿನಾ ಗೊರಕೆ ಕೇಳೋಳು ನಾನು! ಬಾಯ್ಮುಚ್ಚಿ ಹಾರ್ನ್ ಒತ್ತು!"

ಹಾರ್ನೊಂದೇ ಕೆಲಸ ಮಾಡುತ್ತಿತ್ತು. ಪೆಂಪೆಂ ಎನ್ನುತ್ತಾ, ಕೋಳಿಗಳನ್ನು ಚದುರಿಸುತ್ತಾ, ಕಾರು ನಜ್ಜರೇನೊನ ಅಂಗಳದ ಹುಲ್ಲಿನ ಬಣವೆಗೆ ಮೆತ್ತಗೆ ತಲೆಯಿಟ್ಟು ನಿಂತಿತು. ಮನೆಮಂದಿಯೆಲ್ಲ ಹೊರಗೇ ಮೇಜು ಹಾಕಿ ಕೂತಿದ್ದರು. ತಟ್ಟೆ ಬೆಳಗಿದಂತೆ ಖಾಲಿ! ಪಕ್ಕದ ತಂತಿಯ ಮೇಲೆ, ಒಗೆದ ಕಾಲುಚೀಲಗಳ ನಡುವೆ, ಕ್ಲಿಪ್ಪಿಗೆ ಸಿಕ್ಕಿ ಅವರ ಮದುವೆ ಒಣಗುತ್ತಿತ್ತು.

"ಸಾಸ್ ಸೋರಿತ್ತು, ಒರೆಸಿ ಹಾಕೀನಿ," ಎಂದಳು ನಜ್ಜರೇನೊನ ಹೆಂಡತಿ. "ಎಂಥಾ ಅತ್ತೆ ಕಣವ್ವಾ ನಿಂದು! ಒಳಗೆ ಮಾಂಸದ ಉಂಡೇನೇ ಮೂರು ಪದರ! ಇಂಥ ಊಟಾನ ಯಾವ ದಡ್ಡ ಕೊಟ್ಟಾನು?"

ಓರ್ನೆಲ್ಲಾ ದಡ್ಡನ ಕಡೆ ಬೆರಳು ತೋರಿಸಿದಳು. ಬೆಳಗಿನಿಂದ ಹಸಿದಿದ್ದ ದಡ್ಡ ಖಾಲಿ ತಟ್ಟೆಯನ್ನೇ ನೋಡುತ್ತಿದ್ದ.

ನಜ್ಜರೇನೊ ಮತ್ತೆ ಆಟೋ ತೆಗೆದ. ಎಂಟರ ಗಂಟೆ ಬಾರಿಸುತ್ತಿರುವಾಗಲೇ, ಮುಚ್ಚುತ್ತಿದ್ದ ಗೇಟಿನ ಸಂದಿಯಲ್ಲಿ ಎತ್ತೊರೆ ತನ್ನ ಕಾಲನ್ನೂ ಅದರ ಹಿಂದೆಯೇ ಸರ್ಟಿಫಿಕೇಟನ್ನೂ ತೂರಿಸಿದ.

ಮದರ್ ಓದಿದರು. ತಿರುಗಿಸಿದರು. ಕವರಿನ ಹಿಂದೆ ದಪ್ಪ ಅಕ್ಷರದಲ್ಲಿ ಇನ್ನೂ ಏನೋ ಇತ್ತು. ಗಟ್ಟಿಯಾಗಿ ಓದಿದರು: "ಮದರ್ ಅವರಿಗೆ ನಮಸ್ಕಾರ. ಇವನು ನನ್ನ ಮಗ. ಮದುವೆ ಆಗಿದೆ, ನಾನೇ ಕಣ್ಣಾರೆ ನೋಡಿ ಅತ್ತಿದ್ದೇನೆ. ಗುಡ್ಡದ ಗಾಳಿ ಇವನ ಕುತ್ತಿಗೆಗೆ ಆಗಿಬರಲ್ಲ."

ಅವರು ಒಳಹೋಗಿ, ಒಂದು ಕೈಯಲ್ಲಿ ರೂಮಿನ ಕೀಲಿ, ಇನ್ನೊಂದು ಕೈಯಲ್ಲಿ ದಪ್ಪನೆಯ ಉಣ್ಣೆಯ ಮಫ್ಲರು ಹಿಡಿದು ಬಂದರು.

"ಮದರ್, ಈ ಸೆಕೇಲಾ! ಅಮ್ಮ ಇಲ್ಲಿಲ್ವಲ್ಲ!"

ಮದರ್ ಕೀಲಿಯನ್ನು ಮಾತ್ರ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಓರ್ನೆಲ್ಲಾ ಮಫ್ಲರು ಕಿತ್ತುಕೊಂಡು ತಾನೇ ಗಂಡನ ಕುತ್ತಿಗೆಗೆ ಸುತ್ತಿದಳು, ಒಂದಲ್ಲ, ಎರಡು ಸುತ್ತು.

ಆಗ ಆಫೀಸಿನಲ್ಲಿ ಫೋನ್ ರಿಂಗಾಯಿತು. ಮದರ್ ಎತ್ತಿಕೊಂಡರು.

"ಹ್ಞೂಂ ಕಣಮ್ಮಾ ಇಮ್ಮಾಕೊಲಾತ... ಹ್ಞೂಂ, ಸುತ್ಕೊಂಡ... ಈಗ ಕೀಲಿ ಕೊಡ್ಲಾ?"