ಎರಡನೇ ಚರಣದ ಕೆಮ್ಮು

ಹಾಡುಗಾರನಾಗಬೇಕೆಂದು ಹೊರಟು ಕೆಮ್ಮಿನಿಂದ ಹೆಸರು ಮಾಡಿದವನು ಈ ಮಧುಗಿರಿಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಇಷ್ಟು ವರ್ಷ ಇದನ್ನೇ ಹೇಳಿಕೊಂಡು ಓಡಾಡಿದ್ದೇನೆ.

ಕ್ಯಾಸೆಟ್ ಕಾಲದಲ್ಲಿ ಶಿರಾದ ಈರಣ್ಣ ಎಂಬ ನನ್ನ ಗೆಳೆಯ ಹಳ್ಳಿ ಪದಗಳಿಗೆ ಕೀಬೋರ್ಡು ಸೇರಿಸಿ, ಕೂತವರೂ ಎದ್ದು ಕುಣಿಯುವಂತೆ ಕ್ಯಾಸೆಟ್ ಮಾಡುತ್ತಿದ್ದ. ಸ್ಟುಡಿಯೋ ಎಂದರೆ ಅವನ ಮನೆಯ ಹಿಂದಿನ ಕೋಣೆ. ಹೊರಗಿನ ಸದ್ದು ಬರಬಾರದೆಂದು ನಾಲ್ಕು ಗೋಡೆಗೂ ಅವರಪ್ಪ ನೇಯ್ದ ಕರಿ ಕಂಬಳಿ ಇಳಿಬಿಟ್ಟಿದ್ದ. ಫ್ಯಾನ್ ಹಾಕುವಂತಿಲ್ಲ. ಒಂದೇ ಹಾಡನ್ನು ಇಪ್ಪತ್ತು ಸಲ ಹಾಡಿಸಿ ಮೊದಲನೆಯದೇ ವಾಸಿ ಎನ್ನುತ್ತಿದ್ದ. ಸಿಟ್ಟು ಬಂದರೆ ಟೇಪು ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದ. ಆಮೇಲೆ ಕುಡಿಯುತ್ತಿದ್ದ, ಕುಡಿದ ಮೇಲೆ ಅಳುತ್ತಿದ್ದ. ನಾನು ಅವನ ಕೋರಸ್ಸು, ಸಮಾಧಾನ ಹೇಳುವವನೂ ನಾನೇ.

ಆ ದಿನ ಪಾವಗಡದ ಗಾಯಕಿ ಕೊನೆಗೂ ಅವನಿಗೆ ಒಪ್ಪುವಂತೆ ಹಾಡುತ್ತಿದ್ದಳು. ಎರಡನೇ ಚರಣದಲ್ಲಿ ಕಂಬಳಿಯ ಜುಂಗು ನನ್ನ ಗಂಟಲಿಗೆ ಹೋಯಿತು, ಕೆಮ್ಮಿಬಿಟ್ಟೆ.

"ಕೆಮ್ಮಂಗಿದ್ರೆ ಆಚೀಕ್ ಹೋಗ್ಲಾ. ಇನ್ಮೇಲೆ ಒಳೀಕ್ ಬರ್ಬ್ಯಾಡ" ಎಂದ ಈರಣ್ಣ.

ಹೋದೆ. ಗಾಯಕಿಗೆ ಕಡೇ ಬಸ್ಸಿನ ಅವಸರ, ಮತ್ತೆ ಹಾಡಲಿಲ್ಲ. ಹಾಡು ಕೆಮ್ಮಿನ ಸಮೇತ ಹೊರಬಂತು, ಮನೆಮಾತಾಯಿತು. ಕೊರಟಗೆರೆಯ ಮದುವೆಗಳಲ್ಲಿ ಬ್ಯಾಂಡಿನವರು ಆ ಜಾಗ ಬಂದಾಗ ಬಾರಿಸುವುದು ನಿಲ್ಲಿಸುತ್ತಿದ್ದರು, ದಿಬ್ಬಣವೇ ಕೆಮ್ಮುತ್ತಿತ್ತು. ನಾನು ಬೀಗಿದೆ. ಆದರೆ ಶಿರಾಕ್ಕೆ ಹೋಗಿ ಒಂದು ಮಾತಾಡಲಿಲ್ಲ. ಅವನೇ ಕರೆಯಲಿ ಎಂದು ನಾನಿದ್ದೆ, ಇವನೇ ಬರಲಿ ಎಂದು ಅವನೂ ಇದ್ದನೇನೋ. ಅಷ್ಟರಲ್ಲಿ ಕುಡಿತ ಅವನನ್ನು ಕರೆದುಕೊಂಡು ಹೋಯಿತು. ಅವನ ಬೈಗುಳ ಕೇಳದೆ ನನಗೆ ಇವತ್ತಿಗೂ ಊಟ ಸೇರಿದ ಹಾಗಿಲ್ಲ.

ಈಗ ಅವನ ಜೀವನವೇ ಸಿನಿಮಾ ಆಗಿದೆ. ಚಿತ್ರತಂಡದವರು ಮನೆಗೆ ಬಂದು, ನನ್ನ ಕಾಫಿ ಕುಡಿದು, ನನ್ನಲ್ಲಿ ಉಳಿದಿದ್ದ ಆ ಹಾಡಿನ ಒಂದೇ ಕ್ಯಾಸೆಟ್ ಒಯ್ದಿದ್ದರು. ನಿಮ್ಮನ್ನೂ ತೋರಿಸುತ್ತಾರಾ ಎಂದು ಹೆಂಡತಿ ಕೇಳಿದಳು. ತೋರಿಸದಿದ್ದರೇನು, ಕೇಳಿಸುತ್ತಾರೆ ಎಂದೆ. ಅವಳು ನನ್ನ ಶರ್ಟಿಗೆ ಇಸ್ತ್ರಿ ಹಾಕಿಕೊಟ್ಟಳು.

ಮ್ಯಾಟಿನಿಗೆ ಹೋದೆವು. ತೆರೆಯ ಮೇಲಿನ ಈರಣ್ಣ ಬಲು ಚೆಲುವ, ಕಂಬಳಿಗಳೂ ಹೊಚ್ಚಹೊಸವು. ಹಾಡು ಶುರುವಾಯಿತು, ಅದೇ ಗಾಯಕಿಯ ಅದೇ ದನಿ. ಎರಡನೇ ಚರಣ ಬರುವಾಗ ಹೆಂಡತಿಯ ಕೈ ಹಿಡಿದುಕೊಂಡೆ. ಚರಣ ಬಂತು, ಹೋಯಿತು, ಕೆಮ್ಮಿಲ್ಲ. ಯಾವನೋ ಪುಣ್ಯಾತ್ಮ ಕಂಪ್ಯೂಟರಿನಲ್ಲಿ ನನ್ನನ್ನು ಗುಡಿಸಿ ಹಾಕಿದ್ದ. ಈರಣ್ಣನ ಜೊತೆ ನಾನಿದ್ದೆ ಎನ್ನಲು ಇದ್ದ ಸಾಕ್ಷಿ ಅದೊಂದೇ. ಒಂದು ಸಾಲು ತಡವಾಗಿ, ಥಿಯೇಟರಿಗೆಲ್ಲ ಕೇಳುವಂತೆ ಕೆಮ್ಮಿದೆ.

ಮುಂದಿನ ಸಾಲಿನ ಹೆಂಗಸು ತಿರುಗಿ, "ಕೆಮ್ಮಂಗಿದ್ರೆ ಆಚೀಕ್ ಹೋಗಿ ಸ್ವಾಮಿ" ಎಂದಳು.

ಕಣ್ಣು ತುಂಬಿ ಬಂತು. ಕೆಮ್ಮಿಗೇ ಇರಬೇಕೆಂದು ಹೆಂಡತಿ ನೀರಿನ ಬಾಟಲಿ ಕೊಟ್ಟಳು. ಆವತ್ತು ಹೇಳಿದ ಕೂಡಲೇ ಎದ್ದು ಹೋಗಿ ಕೆಟ್ಟಿದ್ದೆ. ಈ ಸಲ ಬಾಯಿಗೆ ಕರ್ಚೀಫು ತುರುಕಿಕೊಂಡು ಅಲ್ಲೇ ಕೂತಿದ್ದೆ.