ಮೂರನೇ ಅಧ್ಯಾಯದ ಮೇಷ್ಟ್ರು

“ಆರರಿಂದ ಎಂಟನೇ ಕ್ಲಾಸಿನವರೆಗೆ ಕಾದಂಬರಿ ಓದದೇ ಇರೋ ಒಂದೇ ಒಂದು ಮಗು ಈ ವರ್ಷ ನಮ್ಮ ಶಾಲೆಯಲ್ಲಿ ಉಳಿದ್ರೆ, ಲೈಬ್ರರಿ ಬೀಗದಕೈ ಹೆಡ್‌ಮಿಸ್ ಮೇಜಿನ ಮೇಲಿಟ್ಟು ಮನೆಗೆ ಬಂದ್ಬಿಡ್ತೀನಿ!”

ಈ ಘನಘೋರ ಪ್ರತಿಜ್ಞೆ ಮಾಡಿದವರು ಲೈಬ್ರರಿ ಮೇಷ್ಟ್ರು. ಮಾಡಿದ್ದು ತಮ್ಮ ಮನೆಯ ಊಟದ ಮೇಜಿನ ಮುಂದೆ, ಬಾಯಲ್ಲಿ ತುತ್ತಿಟ್ಟುಕೊಂಡು. ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಅವರ ಹೆಂಡತಿ, ದೊಡ್ಡ ರಸ್ತೆಯ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವರು. ಇನ್ನೊಬ್ಬಳು ಮಗಳು, ಅದೇ ಶಾಲೆಯಲ್ಲಿ ಏಳನೇ ಕ್ಲಾಸು.

“ಊರ ಮಕ್ಕಳ ಮಾತು ಆಮೇಲೆ. ಮೊದಲು ಇವಳ ಕೈಲಿ ಒಂದು ಪುಸ್ತಕ ಓದಿಸಿ ನೋಡೋಣ,” ಎಂದರು ಹೆಂಡತಿ.

ಮೇಷ್ಟ್ರ ತುತ್ತು ಗಂಟಲಲ್ಲೇ ನಿಂತಿತು. ಶಾಲೆಗೆಲ್ಲ ಕಾದಂಬರಿ ಹಂಚುವ ಮನುಷ್ಯನ ಸ್ವಂತ ಮಗಳು ಕಥೆ ಪುಸ್ತಕದ ಗಾಳಿ ಸೋಕಿದರೂ ಆಕಳಿಸುತ್ತಿದ್ದಳು. ಅವರು ಯಾರಿಗೂ ಹೇಳಿಕೊಳ್ಳದ ಸಂಕಟ ಅದೊಂದೇ.

“ಯಾಕೆ ಮಗಳೇ, ನಿನಗೆ ಕಥೆ ಅಂದ್ರೆ ಅಷ್ಟು ಅಲರ್ಜಿ?”

“ನೀವು ಹೇಳಿದ ಯಾವ ಕಥೆಗೆ ಕೊನೆ ಇದೆ ಅಪ್ಪ? ಚಿಕ್ಕವಳಿದ್ದಾಗಿಂದ ಕೇಳ್ತಾ ಇದೀನಿ. ಎಲ್ಲರೂ ಅರ್ಧ ಬಾವಿಯಲ್ಲೇ ನೇತಾಡ್ತಾ ಇರ್ತಾರೆ!”

“ಅದೇ ಕಣೇ ಕಲೆ!” ಎಂದು ಮೇಷ್ಟ್ರು ನಕ್ಕುಬಿಟ್ಟರು. ಆ ನಗು ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ಆ ಕಲೆಯ ವಿಚಾರ ಹೇಳಿಬಿಡಬೇಕು. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಮೇಷ್ಟ್ರು ಒಂದು ಕಾದಂಬರಿಯನ್ನು ಎತ್ತಿ ಹಿಡಿಯುತ್ತಿದ್ದರು. ಆಮೇಲೆ ಶುರು! ಕೈ, ಕಣ್ಣು, ಹುಬ್ಬು, ಕೊನೆಗೆ ಕಿವಿಗಳು ಕೂಡ ಕಥೆ ಹೇಳುತ್ತಿದ್ದವು. ದೋಣಿ ಇನ್ನೇನು ಮುಳುಗಬೇಕು, ಕಳ್ಳ ಇನ್ನೇನು ಕಿಟಕಿ ಹಾರಬೇಕು ಅನ್ನುವಷ್ಟರಲ್ಲಿ ಪುಸ್ತಕವನ್ನು ಫಟ್ಟನೆ ಮುಚ್ಚಿ, “ಮುಂದೆ? ನೀವೇ ಓದಿ!” ಎಂದುಬಿಡುತ್ತಿದ್ದರು. ಮಕ್ಕಳು ಹೋ ಎಂದು ಪುಸ್ತಕಕ್ಕೆ ಮುಗಿಬೀಳುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿದ ಹೆಡ್‌ಮಿಸ್ ಒಮ್ಮೆ ತಲೆದೂಗಿ ಹೋಗಿದ್ದರು.

ಕಲೆಯೂ ಇಲ್ಲ, ಗಿಲೆಯೂ ಇಲ್ಲ! ಮುಂದೇನಾಗುತ್ತದೆಂದು ಸ್ವತಃ ಮೇಷ್ಟ್ರಿಗೇ ಗೊತ್ತಿರುತ್ತಿರಲಿಲ್ಲ. ಅವರು ಯಾವ ಕಾದಂಬರಿಯನ್ನೂ ಮೂರನೇ ಅಧ್ಯಾಯ ದಾಟಿ ಓದಿದವರಲ್ಲ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೂರು ಅಧ್ಯಾಯ ಮುಗಿಸುವುದು, ನಿಲ್ಲಿಸಿದ ಜಾಗಕ್ಕೆ ಬಸ್ ಟಿಕೆಟ್ಟು ಸಿಕ್ಕಿಸುವುದು, ಇನ್ನೊಂದು ಪುಸ್ತಕ ತೆಗೆಯುವುದು. ಹೀಗೆ ಟಿಕೆಟ್ಟು ಕಚ್ಚಿಕೊಂಡ ಕಾದಂಬರಿಗಳು ಮನೆಯ ಸಾಮಾನಿನ ಕೋಣೆಯಲ್ಲಿ, ಹಳೆಯ ತಗಡಿನ ಟ್ರಂಕಿನ ಪಕ್ಕ ಗೋಪುರವಾಗಿ ನಿಂತಿದ್ದವು.

“ಪೂರ್ತಿ ಓದಿ ತಾನೆ ಮಕ್ಕಳಿಗೆ ಕೊಡೋದು?” ಎಂದು ಹೆಂಡತಿ ಆಗಾಗ ಕೇಳುತ್ತಿದ್ದರು. “ನಾವು ಡಾಕ್ಟರ ಚೀಟಿ ಪೂರ್ತಿ ಓದದೆ ಒಂದು ಮಾತ್ರೆ ಕೊಡಲ್ಲ. ತಗೊಂಡವರಿಗೂ ಹೇಳಿ ಕಳಿಸ್ತೀವಿ, ಕೋರ್ಸ್ ಅರ್ಧಕ್ಕೆ ಬಿಡಬೇಡಿ, ಬಿಟ್ರೆ ರೋಗ ತಿರುಗಿ ಬರುತ್ತೆ ಅಂತ.”

“ಕಾದಂಬರಿ ಏನು ಕೆಮ್ಮಿನ ಔಷಧಿನಾ?” ಎಂದು ಮೇಷ್ಟ್ರು ಮಾತು ಹಾರಿಸುತ್ತಿದ್ದರು.

ಹೀಗಿರುವಾಗ ಅವರ ಕೈಗೆ ಸಿಕ್ಕಿದ್ದು ಆ ರಟ್ಟಿಲ್ಲದ ಪುಸ್ತಕ. ಲೈಬ್ರರಿಯ ಹಿಂದಿನ ಕಪಾಟಿನ ತಳದಲ್ಲಿತ್ತು. ಹೆಸರಿನ ಪುಟ ಇಲ್ಲ, ಬರೆದವರು ಯಾರೋ ಗೊತ್ತಿಲ್ಲ. ಕಥೆ ಮಾತ್ರ ಜೋರಾಗಿತ್ತು! ಒಂದು ಮನೆ. ಪ್ರತಿ ಸಂಜೆ ಪಕ್ಕದ ಖಾಲಿ ಕೋಣೆಯಲ್ಲಿ ಯಾರೋ ಪುಸ್ತಕದ ಪುಟ ತಿರುವುವ ಸದ್ದು. ಮನೆಯ ಯಜಮಾನ ಬಾಗಿಲು ತೆಗೆದರೆ ಯಾರೂ ಇಲ್ಲ. ಆದರೆ ಕುರ್ಚಿ ಮುಟ್ಟಿ ನೋಡಿದರೆ ಬೆಚ್ಚಗಿದೆ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ಮೂರನೇ ಅಧ್ಯಾಯ ಅಲ್ಲಿಗೆ ಮುಗಿಯಿತು. ಮೇಷ್ಟ್ರ ಓದೂ ಮುಗಿಯಿತು.

ಅವತ್ತು ಅವರು ಕಥೆ ಹೇಳಿದ ರೀತಿಗೆ ಎಂಟನೇ ಕ್ಲಾಸಿನ ಪುಂಡರೂ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. “ಮುಂದೆ? ನೀವೇ ಓದಿ!” ಎಂದದ್ದೇ ತಡ, ಇಡೀ ಮಾಧ್ಯಮಿಕ ವಿಭಾಗ ಆ ಒಂದೇ ಪ್ರತಿಗೆ ಸಾಲು ನಿಂತಿತು. ಸಾಲನ್ನು ಸಂಭಾಳಿಸಲು ಮೇಷ್ಟ್ರು ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ನೇಮಿಸಿದ್ದರು. ಅವಳಿಗೆ ಎಲ್ಲರೂ ಇಟ್ಟ ಹೆಸರು ಇನ್ಸ್‌ಪೆಕ್ಟರ್. ಯಾರ ಸರದಿ ಯಾವಾಗ ಎಂಬುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಸ್ವತಃ ಹೆಡ್‌ಮಿಸ್ ಬಂದರೂ ಸರದಿ ತಪ್ಪಿಸಕೂಡದು ಎಂಬ ಕಾನೂನನ್ನು ಮೇಷ್ಟ್ರೇ ಮಾಡಿಟ್ಟಿದ್ದರು. ಈ ಕಾನೂನನ್ನು ದಯವಿಟ್ಟು ನೆನಪಿನಲ್ಲಿಡಿ.

ಮೊದಲು ಓದಿ ಮುಗಿಸಿದ ಹುಡುಗಿ ಪುಸ್ತಕ ಮರಳಿಸಲು ಬಂದಳು. ಮೇಷ್ಟ್ರ ಮುಖವನ್ನೇ ದಿಟ್ಟಿಸಿ ನೋಡಿದಳು.

“ಸಾರ್, ಇದನ್ನ ನೀವು ಕೊನೇವರೆಗೂ ಓದಿದೀರ ತಾನೆ?”

“ಓಹೋ! ಓದದೆ ನಿಮಗೆ ಕೊಡ್ತೀನಾ?”

“ಸದ್ಯ!” ಎಂದು ಅವಳು ನಿಟ್ಟುಸಿರುಬಿಟ್ಟಳು. “ಹಾಗಾದ್ರೆ ನಿಮಗೇನೂ ಆಗಲ್ಲ. ಅರ್ಧಕ್ಕೆ ಬಿಟ್ಟವರಿಗೆ ಮಾತ್ರ…”

“ಮಾತ್ರ?”

“ನಿಮಗೆ ಗೊತ್ತಲ್ಲ ಸಾರ್!” ಎಂದು ಹೇಳಿ ಹೊರಟೇಹೋದಳು.

ಎರಡನೆಯವನೂ ಹಾಗೇ ಕೇಳಿದ. ಮೂರನೆಯವಳಂತೂ, “ಪಾಪ, ಯಾರು ಯಾರು ಅರ್ಧಕ್ಕೆ ಬಿಟ್ಟಿದಾರೋ!” ಎಂದು ಮರುಕಪಟ್ಟು ಹೋದಳು. ಅರ್ಧಕ್ಕೆ ಬಿಟ್ಟವರಿಗೆ ಏನಾಗುತ್ತದೆ? ಇಡೀ ಶಾಲೆಗೆ ಗೊತ್ತಾಗುತ್ತಾ ಹೋಯಿತು, ಲೈಬ್ರರಿ ಮೇಷ್ಟ್ರೊಬ್ಬರಿಗೆ ಬಿಟ್ಟು! ಕೇಳೋಣವೆಂದರೆ ಓದಿದ್ದೇನೆಂದು ಹೇಳಿಯಾಗಿದೆ. ತಮ್ಮ ಬಾಯಿಗೆ ತಾವೇ ಬೀಗ ಜಡಿದುಕೊಂಡಿದ್ದರು.

ಹೀಗಿರುವಾಗಲೇ ಒಂದು ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಅವರಿಗೆ ಕೇಳಿಸಿತು.

ಸರ್ರ್.

ಸಾಮಾನಿನ ಕೋಣೆಯಿಂದ. ಸ್ವಲ್ಪ ಹೊತ್ತು ಮೌನ. ಒಂದು ಪುಟ ಓದಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಮತ್ತೆ, ಸರ್ರ್.

“ಏನೇ, ನಿನಗೇನಾದ್ರೂ ಕೇಳಿಸ್ತಾ?”

“ಏನೂ ಇಲ್ಲವಲ್ಲ ರೀ.”

ಮೇಷ್ಟ್ರು ಧೈರ್ಯ ಮಾಡಿ ಬಾಗಿಲು ತೆಗೆದರು. ಕೋಣೆ ಖಾಲಿ. ಕಿಟಕಿ ಇಲ್ಲದ ಕೋಣೆ, ಗಾಳಿ ಬರುವ ಮಾತೇ ಇಲ್ಲ. ಟ್ರಂಕಿನ ಮುಚ್ಚಳದ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು! ಹೆಂಡತಿಯನ್ನು ಕೂಗಿ ಕರೆದರು.

“ಹಿಂದಿನ ಗೋಡೆಗೆ ಮಧ್ಯಾಹ್ನವೆಲ್ಲ ಬಿಸಿಲು ಹೊಡೆಯುತ್ತೆ, ತಗಡು ಕಾದಿರುತ್ತೆ,” ಎಂದರು ಹೆಂಡತಿ. “ಸದ್ದು ಇಲಿದಿರಬೇಕು.”

ಮೇಷ್ಟ್ರು ಇಲಿಬೋನು ತಂದಿಟ್ಟರು. ಇಲಿ ಬೀಳಲಿಲ್ಲ. ಮಾರನೆಯ ಸಂಜೆಯೂ ಸರ್ರ್, ಅದರ ಮಾರನೆಯ ಸಂಜೆಯೂ ಸರ್ರ್. ಕೊನೆಗೊಂದು ಬೆಳಿಗ್ಗೆ, ಮನೆ ತುಂಬ ಬೆಳಕಿರುವಾಗಲೇ ಒಳಗೆ ಹೋಗಿ ಗೋಪುರದ ಮೇಲಿನ ಕಾದಂಬರಿಯನ್ನು ಎತ್ತಿ ನೋಡಿದರು. ಮೂರನೇ ಅಧ್ಯಾಯದ ಕೊನೆಯಲ್ಲಿ ಅವರ ಕೈಯಾರೆ ಸಿಕ್ಕಿಸಿದ್ದ ಬಸ್ ಟಿಕೆಟ್ಟು ಅಲ್ಲಿರಲಿಲ್ಲ. ಪುಸ್ತಕದ ಕಡೆಯ ಪುಟಗಳ ನಡುವೆ, ಅಂಚು ಸಮವಾಗಿ, ಬಲು ಅಚ್ಚುಕಟ್ಟಾಗಿ ಕೂತಿತ್ತು.

ಇಲಿ ಕಾದಂಬರಿ ತಿನ್ನಬಹುದು. ಟಿಕೆಟ್ಟು ಮುಂದಕ್ಕೆ ಇಡುತ್ತದೆಯೇ?

“ಈ ಪುಸ್ತಕ ನೀನೇನಾದ್ರೂ ಓದ್ತಾ ಇದೀಯೇನೇ?” ಎಂದು ಹೆಂಡತಿಯನ್ನು ಕೇಳಿದಾಗ ಅವರ ದನಿ ಕೀರಲಾಗಿತ್ತು.

“ಔಷಧದ ಡಬ್ಬಿ ಮೇಲಿನ ಇರುವೆ ಅಕ್ಷರ ಓದೀ ಓದೀ ನನ್ನ ಕಣ್ಣು ಹೋಗಿದೆ. ಕಾದಂಬರಿ ಬೇರೆ ಕೇಡು!”

ಮಗಳನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಅವಳು ಓದುವುದಕ್ಕಿಂತ ದೆವ್ವ ಓದುವುದೇ ನಂಬುವ ಮಾತಾಗಿತ್ತು.

ಅವತ್ತು ಮೇಷ್ಟ್ರು ಶಾಲೆಗೆ ಓಡುತ್ತಲೇ ಹೋದರು. ಹೇಗಾದರೂ ಆ ಪುಸ್ತಕ ಹಿಡಿದು ನಾಲ್ಕನೇ ಅಧ್ಯಾಯದಿಂದ ಓದಿ, ಅರ್ಧಕ್ಕೆ ಬಿಟ್ಟವರ ಗತಿ ಏನೆಂದು ತಿಳಿಯಲೇಬೇಕಿತ್ತು. ಇನ್ಸ್‌ಪೆಕ್ಟರ್ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು.

“ಅದನ್ನ ಒಂದು ದಿನದ ಮಟ್ಟಿಗೆ ಕೊಡಮ್ಮ.”

“ಸರದಿಯಲ್ಲಿ ಬನ್ನಿ ಸಾರ್.”

“ನಾನು ಲೈಬ್ರರಿ ಮೇಷ್ಟ್ರು ಕಣಮ್ಮ!”

“ಹೆಡ್‌ಮಿಸ್ಸೇ ಬಂದರೂ ಇಲ್ಲ ಅಂದವರು ನೀವೇ ಸಾರ್. ಆದರೂ ನಿಮಗ್ಯಾಕೆ? ನೀವು ಓದಿದೀರಲ್ಲ.” ಅವಳ ಕಣ್ಣು ಸ್ವಲ್ಪ ಕಿರಿದಾಯಿತು. “ಓದಿದೀರ ತಾನೆ?”

“ಛೆ! ಛೆ! ಸುಮ್ಮನೆ ರಟ್ಟು ಹಾಕಿಸೋಣ ಅಂತ!”

“ಎಲ್ಲರದೂ ಮುಗಿದ ಮೇಲೆ ಹಾಕಿಸೋಣ ಸಾರ್.”

ಮೇಷ್ಟ್ರು ಇಂಗು ತಿಂದ ಮಂಗನಂತೆ ಹಿಂದಿರುಗಿದರು.

ಆ ಸಂಜೆ ಕೋಣೆಯೊಳಗಿನ ಸದ್ದು ಬೇರೆಯದೇ ಆಗಿತ್ತು. ಪುಟಗಳು ಸರಸರನೆ ತಿರುಗುತ್ತಿದ್ದವು. ನಡುವೆ ಉಸಿರು ಎಳೆದುಕೊಂಡ ಸದ್ದು. ಒಮ್ಮೆ ಟ್ರಂಕು ಕಿರ್ರೆಂದಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಸಣ್ಣ ಬೆಳಕು! ಮೇಷ್ಟ್ರು ಬೆವೆತು ನೀರಾದರು. ಆದರೆ ಮನೆಯಲ್ಲಿ ಹೆಂಡತಿ ಇದ್ದಾರೆ, ಮಗಳು ಇದ್ದಾಳೆ, ಅವರ ಗತಿ? ಮೂಲೆಯಲ್ಲಿದ್ದ ಕೊಡೆಯನ್ನು ಖಡ್ಗದಂತೆ ಹಿಡಿದು, ಕಣ್ಣು ಮುಚ್ಚಿಕೊಂಡು, ಬಾಗಿಲನ್ನು ದಡಾರನೆ ನೂಕಿದರು.

“ಅಮ್ಮಾ!” ಎಂದು ಕಿರುಚಿದ್ದು ಇಬ್ಬರು. ಒಂದು ದನಿ ಮೇಷ್ಟ್ರದು. ಇನ್ನೊಂದು ಮಗಳದು!

ಟ್ರಂಕಿನ ಮೇಲೆ ಕಾಲು ಮಡಚಿ, ಟಾರ್ಚು ಹಿಡಿದು ಮಗಳು ಕೂತಿದ್ದಳು. ಮಡಿಲಲ್ಲಿ ಆ ರಟ್ಟಿಲ್ಲದ ಪುಸ್ತಕ.

ಮೇಷ್ಟ್ರ ಕೈಯಿಂದ ಕೊಡೆ ಜಾರಿತು. ಮಗಳು ಓದುತ್ತಿದ್ದಾಳೆ!

“ಇದೇನು ಪುಟ್ಟಿ, ಕದ್ದುಮುಚ್ಚಿ ಓದೋದು?”

“ನೀವು ನೋಡಿದ್ರೆ ನಾಳೆ ಬೆಳಿಗ್ಗೆನೇ ಮೈಕ್ ಹಿಡ್ಕೊಂಡು ಇಡೀ ಶಾಲೆಗೆ ಹೇಳ್ತೀರ. ಅದಕ್ಕೆ.”

ಮಾತು ನಿಜವಾಗಿತ್ತು. ಮೇಷ್ಟ್ರು ಮನಸ್ಸಿನಲ್ಲೇ ಆ ಭಾಷಣ ಶುರು ಮಾಡಿಯಾಗಿತ್ತು.

“ಅಂತೂ ಈ ಕೋಣೆಯ ದೆವ್ವ ನೀನೇ! ಇಷ್ಟು ದಿನ ನನ್ನ ಪ್ರಾಣ ತೆಗೆದೆಯಲ್ಲ ಮಗಳೇ!”

ಮಗಳು ತಂದೆಯನ್ನು ವಿಚಿತ್ರವಾಗಿ ನೋಡಿದಳು. “ಇಷ್ಟು ದಿನನಾ? ನನ್ನ ಸರದಿ ಬಂದಿದ್ದೇ ಇವತ್ತು ಮಧ್ಯಾಹ್ನ. ಈ ರೂಮಲ್ಲಿ ಕೂತಿದ್ದೂ ಇವತ್ತೇ ಮೊದಲು.”

“ಮತ್ತೆ ಆ ಟಿಕೆಟ್ಟು?”

“ಯಾವ ಟಿಕೆಟ್ಟು?”

ಬಾಗಿಲಿಗೆ ಬಂದು ನಿಂತಿದ್ದ ಹೆಂಡತಿಯ ಕಡೆ ಮೇಷ್ಟ್ರು ತಿರುಗಿದರು. “ನೀನು ಬೇಕಂತಲೇ ಕೇಳಿಸಲ್ಲ ಅಂತಿದ್ದೆ ಅಲ್ವಾ?”

“ನಿಜವಾಗಿಯೂ ಕೇಳಿಸ್ತಿರಲಿಲ್ಲ ರೀ.”

ಕೋಣೆ ಇದ್ದಕ್ಕಿದ್ದಂತೆ ಚಿಕ್ಕದಾದ ಹಾಗಿತ್ತು.

“ಹೆದರಬೇಡಿ ಅಪ್ಪ,” ಎಂದಳು ಮಗಳು ಮೆಲ್ಲಗೆ. “ನೀವು ಕೊನೇವರೆಗೂ ಓದಿದೀರಲ್ಲ.”

ಇನ್ನು ತಡೆಯಲಾಗಲಿಲ್ಲ. “ಇಲ್ಲ ಮಗಳೇ. ಮೂರೇ ಅಧ್ಯಾಯ ಓದಿರೋದು. ಮುಂದೇನಾಗುತ್ತೆ? ನೀನಾದ್ರೂ ಹೇಳು!”

ಮಗಳ ಮುಖ ಬಿಳಿಚಿಕೊಂಡಿತು. ಆಮೇಲೆ ಪುಸ್ತಕವನ್ನು ಅವರ ಕೈಗಿಟ್ಟು, ತಂದೆಯ ದನಿಯಲ್ಲೇ, ತಂದೆಯ ಹುಬ್ಬನ್ನೇ ಹಾರಿಸಿ ಹೇಳಿದಳು: “ಮುಂದೆ? ನೀವೇ ಓದಿ!”

ಮೇಷ್ಟ್ರು ಟ್ರಂಕಿನ ಮೇಲೆ ಕೂತರು. ಒಬ್ಬರೇ ಕೂರಲು ಭಯ. ಮಗಳು ಪಕ್ಕಕ್ಕೆ ಒರಗಿ ಕೂತು ಟಾರ್ಚು ಹಿಡಿದಳು. ಅವರು ಗಟ್ಟಿಯಾಗಿ ಓದಿದರು, ಅವಳು ಕೇಳಿದಳು, ಬಾಗಿಲಲ್ಲಿ ನಿಂತು ಹೆಂಡತಿಯೂ ಕೇಳಿದರು. ನಾಲ್ಕನೇ ಅಧ್ಯಾಯ ಹೀಗೂ ಇರುತ್ತದೆಯೇ ಎಂದು ಮೇಷ್ಟ್ರಿಗೆ ಆಶ್ಚರ್ಯ! ಐದನೆಯದು ಇನ್ನೂ ಚೆನ್ನಾಗಿತ್ತು. ಓದುತ್ತಾ ಓದುತ್ತಾ ಭಯ ಮರೆತೇಹೋಯಿತು. ಮಗಳು ಒಮ್ಮೆಯೂ ಆಕಳಿಸಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಲೈಬ್ರರಿ ಮೇಷ್ಟ್ರು ಒಂದು ಕಾದಂಬರಿಯ ಕೊನೆಯ ಪುಟ ಮುಟ್ಟಿದರು.

ಕೊನೆ ತೀರ ಸರಳವಾಗಿತ್ತು. ಪುಟ ತಿರುವುವ ಆ ಯಾರೋ ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ. ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟವರ ಮನೆಗೆ ಬರುತ್ತಾನೆ. ಅವರು ಬಿಟ್ಟಲ್ಲಿಂದ ಓದುತ್ತಾನೆ. ಅವರು ಬಿಟ್ಟದ್ದೆಲ್ಲ ಮುಗಿಯುವವರೆಗೆ ಆ ಮನೆಯಲ್ಲೇ ಇರುತ್ತಾನೆ. ಅಷ್ಟೇ.

“ಇಷ್ಟೇನಾ!” ಮೇಷ್ಟ್ರು ಜೋರಾಗಿ ನಕ್ಕರು. ತಂದೆ ಮಗಳು ಹೊರಗೆ ಬಂದು, ಕೋಣೆಯ ಬಾಗಿಲು ಮುಚ್ಚಿ, ಊಟಕ್ಕೆ ಕೂತರು. ಹೆಂಡತಿ ಬಡಿಸಲು ಬಂದರು.

ಮುಚ್ಚಿದ ಬಾಗಿಲ ಹಿಂದೆ, ಸರ್ರ್.

ಹೆಂಡತಿಯ ಕೈಯ ಸೌಟು ಗಾಳಿಯಲ್ಲೇ ನಿಂತಿತು. “ಈಗ ನನಗೂ ಕೇಳಿಸ್ತು,” ಎಂದರು.

ಮಗಳು ಪಿಸುದನಿಯಲ್ಲಿ ಕೇಳಿದಳು: “ಅಪ್ಪಾ, ಒಟ್ಟು ಎಷ್ಟು ಪುಸ್ತಕ ಅರ್ಧಕ್ಕೆ ಬಿಟ್ಟಿದೀರ?”

ಮೇಷ್ಟ್ರು ತಲೆ ತಗ್ಗಿಸಿದರು. “ಇಡೀ ಲೈಬ್ರರಿ, ಮಗಳೇ.”

ಹೆಂಡತಿಯ ಸೌಟು ಪಾತ್ರೆಗೆ ಇಳಿಯಿತು.

“ಸರಿ, ಆ ರೂಮು ಅವರಿಗೇ ಬಿಟ್ಕೊಡೋಣ. ನಾಳೆ ಒಂದು ಒಳ್ಳೆ ಕುರ್ಚಿನೂ ಹಾಕ್ತೀನಿ,” ಎಂದರು. “ಈ ಮನೆಯಲ್ಲಿ ಹಿಡಿದ ಕೆಲಸ ಮುಗಿಸೋ ಗಂಡಸು ಒಬ್ಬನಾದ್ರೂ ಇರಲಿ!”