ಅರಸೀಕೆರೆಗೆ ಹೋಗಿಬಂದ ಸಿಲಿಂಡರ್

ತೊಂಬತ್ತರ ದಶಕದ ಮಾತು. ಆಗ ನಮ್ಮ ಹಳೇಬೀಡಿಗೆ ಅಡುಗೆ ಗ್ಯಾಸ್ ಬರುತ್ತಿದ್ದುದು ಅರಸೀಕೆರೆಯಿಂದ, ಲಾರಿಯಲ್ಲಿ. ಆ ಸಲ ಮೂರು ವಾರವಾದರೂ ಲಾರಿಯ ಸುಳಿವಿಲ್ಲ. ಹೈಸ್ಕೂಲಿನಲ್ಲಿ ಸಾರಿಗೆ, ಸರಬರಾಜಿನ ಪಾಠ ಹೇಳುವ ನಾನು ಕೈಕಟ್ಟಿ ಕೂರುವುದುಂಟೆ?

ಅಂದು ಮಗಳ ಮದುವೆ ಮಾತಿಗೆಂದು ಹೊಸ ಬೀಗರಾಗಬೇಕಾದವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆಯೇ ಗ್ಯಾಸ್ ಮುಗಿಯಿತು.

“ರೀ, ಮೂಲೇಲಿರೋ ತುಂಬಿದ ಸಿಲಿಂಡರನ್ನ ಜೋಡಿಸಿಕೊಡಿ, ಹೋಳಿಗೆ ಆಗ್ಬೇಕು,” ಎಂದಳು ಹೆಂಡತಿ ಸಾವಿತ್ರಿ.

“ಜೋಡಿಸೋದು ಮಾತ್ರವಲ್ಲ, ಖಾಲೀದನ್ನ ಅರಸೀಕೆರೆಗೆ ಒಯ್ದು ಬದಲಾಯಿಸಿಕೊಂಡೂ ಬರ್ತೀನಿ!”

ಎರಡನ್ನೂ ಹಿತ್ತಿಲಿಗೆ ಉರುಳಿಸಿ ಧೂಳು ಒರೆಸಿದೆ. ಒಂದನ್ನು ಒಳಗೊಯ್ದು ಒಲೆಗೆ ಜೋಡಿಸಿದೆ.

“ಹಚ್ಚಿ ನೋಡ್ರೀ.”

“ನಾನು ಜೋಡಿಸಿದ ಮೇಲೆ ನೋಡೋದೇನಿದೆ?” ಎಂದು ಇನ್ನೊಂದನ್ನು ಹೊತ್ತುಕೊಂಡು ಹೊರಟೆ.

ಬಸ್ ಕಂಡಕ್ಟರ್ ಬಾಗಿಲಲ್ಲೇ ಅಡ್ಡ ನಿಂತ. “ಅದು ಹತ್ತಿದ್ರೆ ನಾನ್ ಇಳೀತೀನಿ ಸಾರ್!”

ಕೊನೆಗೆ ತೆಂಗಿನಕಾಯಿ ಟೆಂಪೋ ಸಿಕ್ಕಿತು. ಕಾಯಿಗಳ ಮೇಲೆ ಕುಳಿತು, ಸಿಲಿಂಡರನ್ನು ತಬ್ಬಿಕೊಂಡು ಅರಸೀಕೆರೆ ಸೇರಿದೆ. ಖಾಲಿಯೇ ಇಷ್ಟು ಭಾರವಾದರೆ ತುಂಬಿದ್ದು ಇನ್ನೆಷ್ಟಿರಬೇಡ ಎಂದು ದಾರಿಯುದ್ದಕ್ಕೂ ಬೆರಗಾದೆ.

ಗೋಡೌನಿನ ರಂಗಣ್ಣ ಅದನ್ನು ಎತ್ತಿದ. ಇಳಿಸಿದ. ನನ್ನನ್ನೇ ನೋಡಿದ.

“ಸಾ, ಇದು ತುಂಬೈತಲ್ಲ! ಸೀಲೂ ಒಡ್ದಿಲ್ಲ.”

“ಸರಿಯಾಗಿ ನೋಡಪ್ಪಾ.”

“ದಿನಾ ಎತ್ತೋನು ನಾನು. ತುಂಬಿರೋದ್ನ ಇನ್ನೆಲ್ಲಿಗೆ ತುಂಬ್ಸನ ಸಾ?”

ಹಾಗಾದರೆ ಮನೆಯ ಒಲೆಗೆ ಜೋಡಿಸಿ ಬಂದದ್ದು ಯಾವುದು!

ಅಷ್ಟರಲ್ಲಿ ಅಂಗಳದಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಹೊರಟಿದ್ದು ಎಲ್ಲಿಗೆ? ಹಳೇಬೀಡಿಗೆ! ಡ್ರೈವರ್ ಕನಿಕರಪಟ್ಟು, ಸಿಲಿಂಡರನ್ನು ಹಿಂದಕ್ಕೂ ನನ್ನನ್ನು ಮುಂದಕ್ಕೂ ಹತ್ತಿಸಿಕೊಂಡ.

ಊರು ಮುಟ್ಟಿದಾಗ ಮಧ್ಯಾಹ್ನ ಮೂರು. ಮುಂದಿನ ಸೀಟಿನಲ್ಲಿ ನನ್ನನ್ನು ಕಂಡದ್ದೇ ತಡ, “ಮೇಷ್ಟ್ರು ಲಾರೀನೇ ತಂದವ್ರೆ ಕಣ್ರೋ!” ಎಂಬ ಕೂಗೆದ್ದಿತು. ಮನೆಮನೆಯಿಂದ ಖಾಲಿ ಸಿಲಿಂಡರುಗಳು ಉರುಳಿ ಬಂದವು. ಯಾರೋ ಎಳನೀರು ಕೊಟ್ಟರು, ಇನ್ಯಾರೋ ಕೈ ಮುಗಿದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಬದಲಿಗೆ ಸಾಲು ಸರಿಪಡಿಸುತ್ತಾ, “ನೂಕಬೇಡಿ, ಎಲ್ಲರಿಗೂ ಉಂಟು!” ಎಂದು ಗತ್ತಿನಿಂದ ಸಾರಿದೆ. ಲಾರಿ ಬರಿದಾಗಿ ಹೊರಟುಹೋಯಿತು.

ನಾನು ವಿಜಯಿಯಂತೆ ಸಿಲಿಂಡರ್ ಉರುಳಿಸಿಕೊಂಡು ಮನೆಗೆ ಬಂದೆ. ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಣ್ಣೀರು ಸುರಿಸುತ್ತಾ ಕೊಳವೆ ಊದುತ್ತಿದ್ದವರು ಸಾಕ್ಷಾತ್ ಹೊಸ ಬೀಗರು!

“ಬನ್ನಿ ಬೀಗ್ರೇ!” ಎಂದು ಅವರು ನಕ್ಕರು. “ಸೌದೆ ಒಲೆ ಹೋಳಿಗೆ ತಿಂದು ಎಷ್ಟ್ ಕಾಲ ಆಗಿತ್ತು! ಇಂಥ ಮನೆ ಹೆಣ್ಣು ಬಿಡೋದುಂಟೇ? ಸಂಬಂಧ ಗಟ್ಟಿ!”

ಸಾವಿತ್ರಿಯ ಮುಖ ಅರಳಿತು. ಆಮೇಲೆ ನನ್ನ ಕಡೆ ತಿರುಗಿತು.

“ಲಾರಿ ಬಂದಿತ್ತಂತೆ. ಊರೆಲ್ಲ ಬದಲಾಯಿಸಿಕೊಂಡ್ರಂತೆ. ನಮ್ಮ ಖಾಲೀದು?”

ಅದು ಒಲೆಯ ಕೆಳಗೆ ಹಾಗೇ ಕುಳಿತಿತ್ತು! ಊರಿಗೆಲ್ಲ ಗ್ಯಾಸ್ ಹಂಚಿಸಿದ ಮಹಾನುಭಾವ ನಾನು, ದಿನವಿಡೀ ಓಡಾಡಿ ನಮ್ಮ ಮನೆಗೆ ತಂದದ್ದು ನಮ್ಮ ಮನೆಯ ಸಿಲಿಂಡರನ್ನೇ.